ಹ್ಯಾರಿ ಪೆಬಲ್ ಓದಿದ ಲೆಕ್ಕದಲ್ಲಿ ಇಲ್ಲದವರು

ಪ್ರಶ್ನೆ: ‘ದಿ ಬ್ಯಾಡ್ ಅಂಡ್ ದಿ ಬ್ಯೂಟಿಫುಲ್’ ಅನ್ನುವ ಹಳೆಯ ಹಾಲಿವುಡ್ ಚಿತ್ರ ನೋಡಿದೆ. ಜೊನಾಥನ್ ಶೀಲ್ಡ್ಸ್ ಅನ್ನುವ ನಿರ್ಮಾಪಕ ಮೂವರಿಗೆ ಮೋಸ ಮಾಡುತ್ತಾನೆ. ಕೊನೆಗೆ ಆ ಮೂವರೇ ಅವನ ಫೋನಿಗೆ ಕಿವಿಗೊಟ್ಟು ನಿಲ್ಲುತ್ತಾರೆ. ನನಗೆ ಸಿಟ್ಟೇ ಬಂತು. ಒಳ್ಳೆಯ ಸಿನಿಮಾ ತೆಗೆಯುವವನು ಏನು ಮಾಡಿದರೂ ನಡೆಯುತ್ತೆ ಅಂತಲಾ ಇದರ ಅರ್ಥ? ಇದು ನಿಜವಾದ ಒಬ್ಬ ನಿರ್ಮಾಪಕನ ಕಥೆ ಅಂತಲೂ ಕೇಳಿದ್ದೇನೆ. ಯಾರದು? ಇದರ ಮುಂದಿನ ಭಾಗವೂ ಇದೆಯಂತೆ, ನೋಡಬಹುದಾ?

ಉತ್ತರ: ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಮೊದಲ ಸಲ ನೋಡಿದಾಗ ನನಗೂ ಹಾಗೇ ಆಗಿತ್ತು. ಆಮೇಲೆ ಎರಡು ಮೂರು ಸಲ ನೋಡಿದ ಮೇಲೆ ಒಂದು ವಿಷಯ ಹೊಳೆಯಿತು. ಜೊನಾಥನ್‌ನ ಪರ ವಾದ ಮಾಡುವವನು ಆ ಚಿತ್ರದೊಳಗಿನ ಒಬ್ಬ ಮನುಷ್ಯ, ಹ್ಯಾರಿ ಪೆಬಲ್. ಅವನ ಮಾತನ್ನೇ ಇಡೀ ಚಿತ್ರದ ಮಾತು ಅಂದುಕೊಂಡರೆ ನಮಗೆ ಸಿಟ್ಟು ಬರುತ್ತೆ. ಅವನು ಯಾರು, ಯಾಕೆ ಹಾಗೆ ಹೇಳುತ್ತಿದ್ದಾನೆ ಅಂತ ಗಮನಿಸಿದರೆ ಚಿತ್ರ ಬೇರೆಯೇ ಆಗಿ ಕಾಣುತ್ತೆ.

ನೋಡದವರಿಗಾಗಿ ಕಥೆ ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. 1952ರ ಚಿತ್ರ, ಎಂಜಿಎಂ ಸ್ಟುಡಿಯೋದ್ದು. ನಿರ್ದೇಶಕರು ವಿನ್ಸೆಂಟ್ ಮಿನೆಲ್ಲಿ, ನಿರ್ಮಾಪಕರು ಜಾನ್ ಹೌಸ್‌ಮನ್, ಚಿತ್ರಕಥೆ ಚಾರ್ಲ್ಸ್ ಶ್ನೀ ಅವರದು. ಜೊನಾಥನ್ ಆಗಿ ಕರ್ಕ್ ಡಗ್ಲಸ್. ದಿವಾಳಿಯಾದ ಜೊನಾಥನ್ ಪ್ಯಾರಿಸ್‌ನಿಂದ ಫೋನ್ ಮಾಡುತ್ತಾನೆ. ಹೊಸ ಚಿತ್ರ ತೆಗೆಯಬೇಕು, ನಿರ್ದೇಶಕ ಫ್ರೆಡ್, ನಟಿ ಜಾರ್ಜಿಯಾ, ಲೇಖಕ ಜೇಮ್ಸ್ ಲೀ ಮೂವರೂ ಬೇಕು. ಮೂವರಿಗೂ ಅವನ ಮುಖ ಕಂಡರೆ ಆಗದು. ಹ್ಯಾರಿ ಪೆಬಲ್ ಅವರನ್ನು ತನ್ನ ಆಫೀಸಿಗೆ ಕರೆಸುತ್ತಾನೆ. ಅಲ್ಲಿ ಒಬ್ಬೊಬ್ಬರ ನೆನಪೂ ಒಂದೊಂದು ಫ್ಲ್ಯಾಶ್‌ಬ್ಯಾಕ್ ಆಗಿ ಬಿಚ್ಚಿಕೊಳ್ಳುತ್ತೆ.

ಪ್ರತಿ ಕಥೆ ಮುಗಿದಾಗಲೂ ಪೆಬಲ್ ಮಾಡೋದು ಒಂದೇ ಕೆಲಸ. ಹೌದಪ್ಪಾ, ನಿನ್ನನ್ನು ಜೊನಾಥನ್ ಹಾಳು ಮಾಡಿದ ಅಂತ ವ್ಯಂಗ್ಯವಾಗಿ ಹೇಳಿ ಲೆಕ್ಕ ಓದುತ್ತಾನೆ. ಫ್ರೆಡ್, ನೀನೀಗ ದೊಡ್ಡ ನಿರ್ದೇಶಕ. ಜಾರ್ಜಿಯಾ, ನೀನೀಗ ದೊಡ್ಡ ತಾರೆ. ಜೇಮ್ಸ್ ಲೀ, ನಿನಗೆ ಪುಲಿಟ್ಜರ್ ಅನ್ನುವ ದೊಡ್ಡ ಸಾಹಿತ್ಯ ಪ್ರಶಸ್ತಿ ಬಂದಿದೆ. ಅಂಗಡಿ ಗಲ್ಲಾ ಮೇಲೆ ಕೂತವನ ಹಾಗೆ ಜಮಾ ಬದಿಯನ್ನು ಮಾತ್ರ ಓದುತ್ತಾನೆ. ಖರ್ಚಿನ ಬದಿ ಓದೋದೇ ಇಲ್ಲ.

ಈ ಪೆಬಲ್ ಯಾರು? ಸಿನಿಮಾ ಅಂದರೆ ಕೊನೆಗೊಂದು ಮುತ್ತು ಇರಬೇಕು, ಲೆಕ್ಕದ ಪುಸ್ತಕದಲ್ಲಿ ಲಾಭ ಇರಬೇಕು ಅಂತ ನಂಬಿದ ಮನುಷ್ಯ. ಕಡಿಮೆ ದುಡ್ಡಿನ ಚಿತ್ರಗಳನ್ನು ಸಾಲಾಗಿ ತೆಗೆದವನು. ಜೊನಾಥನ್‌ಗೆ ಮೊದಲ ಕೆಲಸ ಕೊಟ್ಟವನೂ ಇವನೇ. ಆ ಕೆಲಸ ಸಿಕ್ಕಿದ್ದು ಹೇಗೆ ಗೊತ್ತಲ್ವಾ? ಜೊನಾಥನ್ ಕೈಯಲ್ಲಿ ಕಾಸಿಲ್ಲದೆ ಪೆಬಲ್ ಜೊತೆ ಇಸ್ಪೀಟಿಗೆ ಕೂತು, ದೊಡ್ಡ ಮೊತ್ತ ಸೋತು, ಆ ಸಾಲ ತೀರಿಸೋಕೆ ಅವನ ಹತ್ತಿರವೇ ಕೆಲಸಕ್ಕೆ ಸೇರುತ್ತಾನೆ. ಅಂದರೆ ಆ ಕೋಣೆಯಲ್ಲಿ ನ್ಯಾಯ ಹೇಳೋಕೆ ಕೂತವನು ಸಂಬಂಧ ಇಲ್ಲದ ಹಿರಿಯನೇನಲ್ಲ. ಜೊನಾಥನ್ ವಾಪಸ್ ಬಂದರೆ ಪೆಬಲ್‌ಗೂ ಒಂದು ಚಿತ್ರ ಸಿಗುತ್ತೆ.

ಈಗ ಖರ್ಚಿನ ಬದಿಗೆ ಬರೋಣ. ಫ್ರೆಡ್ ಮತ್ತು ಜಾರ್ಜಿಯಾ ಕಳೆದುಕೊಂಡದ್ದನ್ನು ಹೇಗೋ ಸಂಪಾದಿಸಿಕೊಂಡರು. ಫ್ರೆಡ್‌ನ ಕನಸಿನ ಚಿತ್ರವನ್ನು ಜೊನಾಥನ್ ಕಿತ್ತು ಬೇರೊಬ್ಬ ಹೆಸರಾಂತ ನಿರ್ದೇಶಕನಿಗೆ ಕೊಟ್ಟ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವ ಬುದ್ಧಿ. ಜಾರ್ಜಿಯಾಳ ಹತ್ತಿರ ಪ್ರೀತಿಯ ನಾಟಕ ಆಡಿ ನಟನೆ ತೆಗೆಸಿದ. ಚಿತ್ರ ಗೆದ್ದ ರಾತ್ರಿ ಅವನ ಮನೆಯಲ್ಲಿ ಇನ್ನೊಬ್ಬಳಿದ್ದಳು. ಮೂರನೆಯ ಕಥೆ ಇವೆರಡರಂತಲ್ಲ. ಜೇಮ್ಸ್ ಲೀ ಚಿತ್ರಕಥೆ ಬರೆಯುವಾಗ ಹೆಂಡತಿ ರೋಸ್‌ಮೆರಿ ಮಾತುಮಾತಿಗೂ ಅಡ್ಡ ಬರುತ್ತಿದ್ದಳು. ಅವಳ ಗಮನ ಬೇರೆ ಕಡೆ ತಿರುಗಲಿ ಅಂತ ಜೊನಾಥನ್ ಗೌಚೋ ಅನ್ನುವ ಶೋಕಿಲಾಲ ನಟನನ್ನು ಛೂ ಬಿಟ್ಟ. ಇಬ್ಬರೂ ವಿಮಾನ ಅಪಘಾತದಲ್ಲಿ ಸತ್ತರು. ಜೊನಾಥನ್ ಬಾಯಿ ತಪ್ಪಿ ಆಡಿದ ಒಂದು ಮಾತಿನಿಂದ ಜೇಮ್ಸ್ ಲೀಗೆ ನಿಜ ತಿಳಿಯುತ್ತೆ. ಗುಟ್ಟು ಬಯಲಾದ ಮೇಲೂ ಜೊನಾಥನ್ ಹೇಳೋದೇನು? ಅವಳು ದಡ್ಡಿ, ನಿನ್ನ ಸಮಯ ಹಾಳು ಮಾಡುತ್ತಿದ್ದಳು, ಅವಳಿಲ್ಲದೆ ನೀನೇ ಚೆನ್ನಾಗಿರುತ್ತೀಯ ಅಂತ. ಆಮೇಲೆ ಜೇಮ್ಸ್ ಲೀ ಬರೆದು ಪುಲಿಟ್ಜರ್ ಗೆದ್ದ ಕಾದಂಬರಿಯಲ್ಲಿ ಇರುವವಳು ಅವಳೇ. ಪೆಬಲ್ ಅದನ್ನೂ ತಂದು ಜಮಾ ಬದಿಗೆ ಬರೆದುಬಿಡುತ್ತಾನೆ! ರೋಸ್‌ಮೆರಿ ಆ ಆಫೀಸಿಗೆ ಬಂದು ತನ್ನ ಲೆಕ್ಕ ಹೇಳೋಕೆ ಸಾಧ್ಯವೇ ಇಲ್ಲ.

ರೋಸ್‌ಮೆರಿ ಪಾತ್ರ ಮಾಡಿದ ಗ್ಲೋರಿಯಾ ಗ್ರಹಾಂ ತೆರೆ ಮೇಲೆ ಇರೋದು ಹತ್ತು ನಿಮಿಷಕ್ಕೂ ಕಡಿಮೆ. ಅಷ್ಟಕ್ಕೇ ಅವರಿಗೆ ಪೋಷಕ ನಟಿ ಆಸ್ಕರ್ ಬಂತು. ಅಮೆರಿಕದ ದಕ್ಷಿಣ ಸೀಮೆಯ ರಾಗ ಎಳೆಯುವ ಮಾತು, ಹಾಲಿವುಡ್ ಕಂಡು ಅರಳುವ ಕಣ್ಣು, ಗಂಡನ ಮೇಲಿನ ಹೆಮ್ಮೆ ಎಲ್ಲ ಅಷ್ಟರಲ್ಲೇ ಬಂದುಹೋಗುತ್ತೆ. ಅವಳನ್ನು ತಲೆನೋವಿನ ಹೆಂಡತಿ ಅಂತ ಕಾಣಿಸಿ ಸುಮ್ಮನಾಗಬಹುದಿತ್ತು. ಗ್ರಹಾಂ ಹಾಗಾಗಲು ಬಿಡಲಿಲ್ಲ. ಅವಳು ಸತ್ತಾಗ ನಮಗೆ ಚುರುಕ್ ಅನ್ನುತ್ತೆ. ಚಿತ್ರಕ್ಕೆ ಒಟ್ಟು ಐದು ಆಸ್ಕರ್ ಬಂದವು. ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿ ಮಾತ್ರ ಹೆಸರೇ ಇರಲಿಲ್ಲ. ಆ ಪಟ್ಟಿಯಲ್ಲಿ ಇಲ್ಲದೆ ಐದು ಆಸ್ಕರ್ ಗೆದ್ದದ್ದು ಒಂದು ದಾಖಲೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಜೊನಾಥನ್ ಯಾರು? ನನಗೆ ಅತಿ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಎಲ್ಲರೂ ಮೊದಲು ಹೇಳುವ ಹೆಸರು ಡೇವಿಡ್ ಓ. ಸೆಲ್ಜ್ನಿಕ್. 1939ರ ‘ಗಾನ್ ವಿತ್ ದಿ ವಿಂಡ್’ ನಿರ್ಮಾಪಕರು. ಅವರ ತಂದೆ ಲೂಯಿಸ್ ಸೆಲ್ಜ್ನಿಕ್ ಮೂಕಿ ಕಾಲದ ದೊಡ್ಡ ಕುಳ. 1923ರಲ್ಲಿ ದಿವಾಳಿಯಾದರು. ಅಪ್ಪ ಕಳೆದುಕೊಂಡ ಹೆಸರನ್ನು ಮಗ ಮತ್ತೆ ಬೋರ್ಡಿನ ಮೇಲೆ ಬರೆಸಿದರು. ಚಿತ್ರದಲ್ಲಿ ಜೊನಾಥನ್‌ನ ಅಪ್ಪನೂ ಹೀಗೇ ಎಲ್ಲರ ದ್ವೇಷ ಕಟ್ಟಿಕೊಂಡು, ಹಣ ಕಳೆದುಕೊಂಡು ಸತ್ತವನು. ಶವಸಂಸ್ಕಾರಕ್ಕೆ ಬರುವವರೇ ಇಲ್ಲ. ಮಗ ಜೂನಿಯರ್ ಆರ್ಟಿಸ್ಟುಗಳಿಗೆ ದುಡ್ಡು ಕೊಟ್ಟು ದುಃಖಿಸುವವರ ಗುಂಪು ಕರೆಸುತ್ತಾನೆ. ಹಾಗೆ ಬಂದವರಲ್ಲಿ ಫ್ರೆಡ್ ಕೂಡ ಒಬ್ಬ. ಸತ್ತವನನ್ನು ಬೈಯುತ್ತಾ ನಿಂತಿರುತ್ತಾನೆ, ಮಗ ಪಕ್ಕದಲ್ಲೇ ಇದ್ದಾನೆ ಅಂತ ಗೊತ್ತಿಲ್ಲದೆ. ಅವರ ಸ್ನೇಹ ಶುರುವಾಗೋದೇ ಅಲ್ಲಿಂದ. ಹೌಸ್‌ಮನ್ ಕೂಡ ಹಿಂದೆ ಸ್ವಲ್ಪ ಕಾಲ ಸೆಲ್ಜ್ನಿಕ್ ಹತ್ತಿರ ಕೆಲಸ ಮಾಡಿದ್ದರು. ಹಾಗಾಗಿ ಇದೆಲ್ಲ ಅವರು ಹತ್ತಿರದಿಂದ ಕಂಡ ಲೋಕ.

ಎರಡನೆಯ ಹೆಸರು ವಾಲ್ ಲೂಟನ್. ಇವರನ್ನು ಬಲ್ಲವರು ಕಡಿಮೆ. 1942ರಲ್ಲಿ ಆರ್‌ಕೆಒ ಸ್ಟುಡಿಯೋ ಇವರಿಗೆ ಭಯದ ಚಿತ್ರಗಳ ವಿಭಾಗ ಕೊಟ್ಟಿತು. ಷರತ್ತು ಏನು ಗೊತ್ತಾ? ಖರ್ಚು ಒಂದೂವರೆ ಲಕ್ಷ ಡಾಲರ್ ಒಳಗಿರಬೇಕು, ಚಿತ್ರ 75 ನಿಮಿಷ ಮೀರಬಾರದು, ಹೆಸರನ್ನು ಸ್ಟುಡಿಯೋನೇ ಕೊಡುತ್ತೆ. ಮೊದಲು ಕೊಟ್ಟ ಹೆಸರು ‘ಕ್ಯಾಟ್ ಪೀಪಲ್’. ಬೆಕ್ಕಿನ ವೇಷ ಹಾಕಿಸಿದರೆ ಜನ ನಗುತ್ತಾರೆ. ಲೂಟನ್ ಮತ್ತು ನಿರ್ದೇಶಕ ಜಾಕ್ ಟೂರ್ನರ್ ವೇಷವನ್ನೇ ಬಿಟ್ಟು ಕತ್ತಲೆಯನ್ನು ನಂಬಿದರು. ರಾತ್ರಿ ರಸ್ತೆಯಲ್ಲಿ ಒಂಟಿ ಹೆಂಗಸು, ಹಿಂದೆ ಹೆಜ್ಜೆ ಸದ್ದು, ಆಮೇಲೆ ಆ ಸದ್ದೂ ಇಲ್ಲ. ಉಸಿರು ಹಿಡಿದು ಕೂತಿರುವಾಗ ಬುಸ್ ಅಂತ ಒಂದು ಬಸ್ಸು ಬಂದು ನಿಲ್ಲುತ್ತೆ. ಸೀಟಿನಲ್ಲಿ ಕೂತವರು ಹಾರಿ ಬಿದ್ದರು. ಇವತ್ತಿಗೂ ಇಂಥ ಹುಸಿ ಬೆದರಿಕೆಯನ್ನು ‘ಲೂಟನ್ ಬಸ್ಸು’ ಅಂತಲೇ ಕರೆಯುತ್ತಾರೆ.

ನೀವು ನೋಡಿದ ಚಿತ್ರದಲ್ಲಿ ಇದೇ ಇದೆ. ಬೆಕ್ಕಿನ ವೇಷದ ದರಿದ್ರ ಡ್ರೆಸ್‌ಗಳನ್ನು ನೋಡಿ ಫ್ರೆಡ್ ಮತ್ತು ಜೊನಾಥನ್ ತಲೆ ಕೆಡಿಸಿಕೊಳ್ಳುತ್ತಾರೆ. ಕೊನೆಗೆ ಜೊನಾಥನ್ ಲೈಟು ಆರಿಸಿ, ಜನ ಹೆದರೋದು ಕತ್ತಲಿಗೆ ಅಂತ ತೋರಿಸುತ್ತಾನೆ. ಅವನ ಮೇಲೆ ನಮಗೆ ಮೊದಲ ಸಲ ಮೆಚ್ಚುಗೆ ಹುಟ್ಟೋದು ಇಲ್ಲೇ.

ಆದರೆ ನಿಜ ಜೀವನದಲ್ಲಿ ಲೂಟನ್‌ರ ಈ ಜಾಣತನ ಮತ್ತು ಅಪ್ಪನ ಹೆಸರು ಮತ್ತೆ ಗಳಿಸುವ ಸೆಲ್ಜ್ನಿಕ್‌ರ ಆ ಹಸಿವು ಎರಡು ಬೇರೆ ಬೇರೆ ಮನುಷ್ಯರಲ್ಲಿ ಇದ್ದವು. ಲೂಟನ್ ವರ್ಷಗಟ್ಟಲೆ ಸೆಲ್ಜ್ನಿಕ್ ಕಂಪನಿಯಲ್ಲಿ ಕಥಾ ವಿಭಾಗ ನೋಡಿಕೊಂಡು ಸಂಬಳಕ್ಕಿದ್ದವರು. ಸ್ವಂತ ವಿಭಾಗ ಸಿಕ್ಕ ಮೇಲೆ ಅವರು ಮಾಡಿದ್ದು ಜೊನಾಥನ್ ಮಾಡಿದ್ದಕ್ಕೆ ತದ್ವಿರುದ್ಧ. ಎಡಿಟಿಂಗ್ ಕೋಣೆಯಲ್ಲಿದ್ದ ಮಾರ್ಕ್ ರಾಬ್ಸನ್ ಮತ್ತು ರಾಬರ್ಟ್ ವೈಸ್ ಅನ್ನುವ ಇಬ್ಬರು ಹುಡುಗರಿಗೆ ನಿರ್ದೇಶನದ ಮೊದಲ ಅವಕಾಶ ಕೊಟ್ಟರು. ಆ ವೈಸ್ ಮುಂದೆ ‘ದಿ ಸೌಂಡ್ ಆಫ್ ಮ್ಯೂಸಿಕ್’ ನಿರ್ದೇಶಿಸಿದರು. ಲೂಟನ್ 1951ರಲ್ಲಿ, 46ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಅವರ ಕತ್ತಲೆಯ ಉಪಾಯ ಜೊನಾಥನ್ ಶೀಲ್ಡ್ಸ್ ಅನ್ನುವ ದುಷ್ಟನ ಕೈಯಲ್ಲಿ ತೆರೆಗೆ ಬಂತು.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಹತ್ತಿರ ಇರುವ ಒಳ್ಳೆಯ ಉತ್ತರವೂ ಇದೇ. ಪ್ರತಿಭೆ ಬೇಕಾದರೆ ಕ್ರೌರ್ಯವನ್ನೂ ಸಹಿಸಬೇಕು, ಎರಡೂ ಒಂದೇ ಪೊಟ್ಟಣದಲ್ಲಿ ಬರುತ್ತವೆ ಅನ್ನೋದು ಪೆಬಲ್‌ನ ವಾದ. ಅದು ಗಟ್ಟಿಯಾಗಿ ಕಾಣೋದಕ್ಕೆ ಕಾರಣ, ಚಿತ್ರಕಥೆ ಒಬ್ಬರ ಕೈಚಳಕ ತಂದು ಇನ್ನೊಬ್ಬರ ಹಟಕ್ಕೆ ಹೊಲಿದಿರೋದು. ಹೊಲಿಗೆ ಬಿಚ್ಚಿ ನೋಡಿದರೆ ವಾದ ಅರ್ಧ ಬಿದ್ದುಹೋಗುತ್ತೆ.

ಜಾರ್ಜಿಯಾಳ ಮೂಲವನ್ನೂ ಹೇಳಿಬಿಡುತ್ತೇನೆ. ಜಾನ್ ಬ್ಯಾರಿಮೋರ್ ಅನ್ನುವ ಮಹಾನಟರ ಮಗಳು ಡಯಾನಾ ಬ್ಯಾರಿಮೋರ್. ಅಪ್ಪನ ಹಾಗೇ ಕುಡಿತಕ್ಕೆ ಬಿದ್ದವರು. ಲಾನಾ ಟರ್ನರ್ ಮಾಡಿದ ಪಾತ್ರಕ್ಕೆ ಅವರ ಬದುಕಿನ ನೆರಳಿದೆ. ಪಾಳುಬಿದ್ದ ಬಂಗಲೆಯ ಅಟ್ಟದಿಂದ ಎರಡು ಕಾಲು ಮಾತ್ರ ಇಳಿಬಿದ್ದಿರೋದನ್ನು ನಾವು ಮೊದಲು ಕಾಣುತ್ತೇವಲ್ಲ, ಆ ಕಾಲುಗಳೇ ಜಾರ್ಜಿಯಾ. ಬಾಡಿಗೆ ಕೋಣೆಯ ಗೋಡೆ ತುಂಬ ಸತ್ತ ಅಪ್ಪನ ಪೂಜೆ. ಜೊನಾಥನ್ ಬಂದು ಆ ಪೂಜೆ ಮುರಿಯುತ್ತಾನೆ. ಅದರಿಂದ ಅವಳಿಗೆ ಒಳ್ಳೆಯದೇ ಆಯಿತು ಅನ್ನೋದನ್ನು ನಾನು ಅಲ್ಲಗಳೆಯಲ್ಲ. ಚಿತ್ರ ಗಟ್ಟಿ ಆಗೋದು ಇಂಥ ಕಡೆಯೇ.

ಸಿನಿಮಾ ಆಗುವ ಮೊದಲು ಇದು ಜಾರ್ಜ್ ಬ್ರಾಡ್‌ಶಾ ಬರೆದ ಪತ್ರಿಕೆಯ ಕಥೆ. ಮೂಲದಲ್ಲಿ ಇದ್ದದ್ದು ನ್ಯೂಯಾರ್ಕಿನ ನಾಟಕ ರಂಗದ ನಿರ್ಮಾಪಕ. ಹೌಸ್‌ಮನ್ ಅದನ್ನು ಹಾಲಿವುಡ್‌ಗೆ ತಂದರು. ಒಬ್ಬನ ಬದುಕನ್ನು ಹಲವರ ಬಾಯಲ್ಲಿ ಹೇಳಿಸುವ ದಾರಿ ಹೌಸ್‌ಮನ್‌ಗೆ ಹೊಸದಲ್ಲ. ‘ಸಿಟಿಜನ್ ಕೇನ್’ ಅನ್ನುವ ಹಳೆಯ ಚಿತ್ರವೂ ಅದೇ ದಾರಿಯದು, ಅದರ ಚಿತ್ರಕಥೆ ಬರೆಯುವಾಗ ಲೇಖಕ ಹರ್ಮನ್ ಮ್ಯಾಂಕಿವಿಟ್ಜ್ ಜೊತೆಗೆ ಕೂತಿದ್ದವರು ಅವರೇ. ಒಂದು ವ್ಯತ್ಯಾಸ ಇದೆ. ಕೇನ್ ಸತ್ತ ಮೇಲೆ ಜನ ಮಾತಾಡುತ್ತಾರೆ. ಜೊನಾಥನ್ ಬದುಕಿದ್ದಾನೆ, ಸಾಲದಲ್ಲಿದ್ದಾನೆ, ಫೋನ್ ಹಿಡಿದು ಕಾಯುತ್ತಿದ್ದಾನೆ.

ಒಬ್ಬ ನಿರ್ಮಾಪಕನಿಗೆ ಅಷ್ಟು ಅಧಿಕಾರ ಎಲ್ಲಿಂದ ಬಂತು ಅಂತ ಈಗಿನವರಿಗೆ ಅನಿಸಬಹುದು. ಎಲ್ಲ ಅಗ್ರಿಮೆಂಟಿನ ಮಹಿಮೆ. ಆಗಿನ ಸ್ಟುಡಿಯೋಗಳು ನಟ ನಟಿಯರನ್ನು ಏಳು ವರ್ಷಕ್ಕೆ ಬರೆಸಿಕೊಳ್ಳುತ್ತಿದ್ದವು. ನಡುನಡುವೆ ಬೇಡ ಅಂತ ಕೈಬಿಡುವ ಹಕ್ಕು ಸ್ಟುಡಿಯೋಗೆ ಮಾತ್ರ. ಪಾತ್ರ ಒಲ್ಲೆ ಅಂದರೆ ಸಂಬಳ ಇಲ್ಲದೆ ಮನೆಯಲ್ಲಿ ಕೂರಿಸುತ್ತಿದ್ದರು, ಕೂತ ದಿನಗಳನ್ನು ಏಳು ವರ್ಷದ ತುದಿಗೆ ಸೇರಿಸುತ್ತಿದ್ದರು. ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಕೋರ್ಟಿಗೆ ಹೋಗಿ 1944ರಲ್ಲಿ ಆ ಸೇರಿಸುವ ಚಾಳಿಯನ್ನು ನಿಲ್ಲಿಸಿದರು. ನಟಿಯರನ್ನು ಬೇರೆ ಸ್ಟುಡಿಯೋಗೆ ಎರವಲು ಕೊಡುವ ವ್ಯಾಪಾರವೂ ಇತ್ತು. ಸೆಲ್ಜ್ನಿಕ್ ಇಂಗ್ರಿಡ್ ಬರ್ಗ್‌ಮನ್‌ರನ್ನು ಹಾಗೆ ಕೊಟ್ಟು, ಬಂದ ಹಣಕ್ಕೂ ಅವರ ಸಂಬಳಕ್ಕೂ ನಡುವಿನ ಅಂತರವನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನಮ್ಮ ಹಿರಿಯ ಓದುಗರಿಗೆ ಇದು ತೀರಾ ಹೊಸದಲ್ಲ. ಮದ್ರಾಸಿನ ಜೆಮಿನಿ, ಎವಿಎಂ ಸ್ಟುಡಿಯೋಗಳಲ್ಲೂ ತಿಂಗಳ ಸಂಬಳದ ಕಲಾವಿದರು ಇದ್ದರು. ಮೈಸೂರಿನ ಆರ್.ಕೆ. ನಾರಾಯಣ್ ಜೆಮಿನಿಯ ಒಂದು ಚಿತ್ರಕ್ಕೆ ಕಥೆ ಕೊಟ್ಟವರು. 1949ರಲ್ಲಿ ಅವರ ಕಾದಂಬರಿಯೊಂದರಲ್ಲಿ ಮಾಲ್ಗುಡಿಯ ಮುದ್ರಕ ಸಂಪತ್ ಸಿನಿಮಾ ತೆಗೆಯೋಕೆ ಹೊರಟು ಎಲ್ಲರನ್ನೂ ಮುಳುಗಿಸುತ್ತಾನೆ. ಅದನ್ನು ಹಿಂದಿ ಸಿನಿಮಾ ಆಗಿ ತಂದವರು ಜೆಮಿನಿಯ ಯಜಮಾನ ಎಸ್.ಎಸ್. ವಾಸನ್ ಅವರೇ, ಅದೂ 1952ರಲ್ಲಿ!

ಇತ್ತ ಎಂಜಿಎಂನಲ್ಲಿ ಆ ಹೊತ್ತಿಗೆ ನೆಲ ಅಲುಗಾಡುತ್ತಿತ್ತು. ಸ್ಟುಡಿಯೋಗಳು ಸ್ವಂತ ಥಿಯೇಟರ್‌ಗಳನ್ನು ಕೈಬಿಡಬೇಕು ಅನ್ನುವ ದಾರಿಗೆ ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲೇ ತಂದು ನಿಲ್ಲಿಸಿತ್ತು. ಮನೆಮನೆಗೆ ಟಿವಿ ಬರುತ್ತಿತ್ತು. ಎಂಜಿಎಂ ಮುಖ್ಯಸ್ಥ ಲೂಯಿಸ್ ಬಿ. ಮೇಯರ್ 1951ರಲ್ಲಿ ತಾವೇ ಕಟ್ಟಿದ ಕೋಟೆಯಿಂದ ಹೊರಬಿದ್ದಿದ್ದರು. ಅಂಥ ಹೊತ್ತಿನಲ್ಲಿ ಸ್ಟುಡಿಯೋ ತನ್ನ ಬಗ್ಗೆ ತಾನೇ ಹೇಳಿಕೊಂಡ ಕಥೆ ಇದು. ನಾವು ಕೆಟ್ಟವರಿರಬಹುದು, ಆದರೆ ನಾವಿಲ್ಲದೆ ನೀವು ಯಾರು? ಪೆಬಲ್‌ನ ಮಾತಿನಲ್ಲಿ ನನಗೆ ಕೇಳಿಸೋದು ಈ ಧ್ವನಿ.

ಆದರೆ ಮಿನೆಲ್ಲಿಯ ಕ್ಯಾಮರಾ ಪೆಬಲ್ ಮಾತು ಕೇಳುವುದಿಲ್ಲ. ಜಾರ್ಜಿಯಾ ಜೊನಾಥನ್ ಮನೆಯಿಂದ ಓಡಿ ಬಂದು ಕಾರು ಹತ್ತುವ ದೃಶ್ಯ ನೆನಪಿದೆ ಅಲ್ವಾ? ಮೈ ಮೇಲೆ ಬಿಳಿ ತುಪ್ಪಳದ ಉಡುಗೆ. ಅಳು ಶುರುವಾಗುತ್ತೆ, ಅಳು ಚೀರಾಟ ಆಗುತ್ತೆ. ಎದುರಿನಿಂದ ಬರುವ ಬೆಳಕು ಮುಖಕ್ಕೆ ರಾಚುತ್ತೆ, ಮಳೆ ಹೊಡೆಯುತ್ತೆ, ಅವಳ ಕೈ ಸ್ಟೀರಿಂಗ್ ಬಿಡುತ್ತೆ. ರಸ್ತೆ ಅನ್ನೋದೇ ಅಲ್ಲಿಲ್ಲ. ಸ್ಟುಡಿಯೋ ಒಳಗೆ ನಿಂತ ಕಾರು, ಅಲುಗಾಡಿಸುವ ಯಂತ್ರ, ಅತ್ತಿತ್ತ ಓಡಾಡುವ ಲೈಟುಗಳು ಅಷ್ಟೇ. ಎಲ್ಲ ಕೃತಕ, ಆದರೂ ನೋಡುವವರ ಹೊಟ್ಟೆ ತೊಳಸುತ್ತೆ. ಡೇವಿಡ್ ರಾಕ್ಸಿನ್ ಅವರ ಸಂಗೀತ ಅಲ್ಲಿವರೆಗೆ ಎಷ್ಟು ಮಧುರವಾಗಿತ್ತೋ ಅಷ್ಟೇ ಹುಚ್ಚಾಗಿ ಬಿಡುತ್ತೆ. ಇದನ್ನು ಯಾವ ಜಮಾ ಖಾತೆಗೆ ಬರೆಯುತ್ತೀರಿ?

ಜೊನಾಥನ್‌ಗೂ ಅವನ ಪಾಲು ಸಿಗುತ್ತೆ, ಅದನ್ನು ಮರೆಯಬೇಡಿ. ಫಾನ್ ಎಲ್‌ಸ್ಟೈನ್ ಅನ್ನುವ ನಿರ್ದೇಶಕ ಅವನಿಗೆ ಒಂದು ಮಾತು ಹೇಳುತ್ತಾನೆ. ನಿರ್ದೇಶನ ಮಾಡೋಕೆ ವಿನಯ ಬೇಕು, ನಿಮ್ಮಲ್ಲಿ ಅದಿದೆಯಾ ಅಂತ. ಅವನು ಬಿಟ್ಟುಹೋದ ಮೇಲೆ ಜೊನಾಥನ್ ತಾನೇ ನಿರ್ದೇಶನಕ್ಕೆ ನಿಲ್ಲುತ್ತಾನೆ. ಚಿತ್ರ ಕೆಡುತ್ತೆ. ಕೆಟ್ಟಿದೆ ಅಂತ ಮೊದಲು ಗೊತ್ತಾಗೋದೂ ಅವನಿಗೇ. ಬಿಡುಗಡೆ ಮಾಡದೆ ಡಬ್ಬದಲ್ಲಿಡುತ್ತಾನೆ, ಮುಳುಗುತ್ತಾನೆ. ದುರಾಸೆ ಮಾತ್ರ ಇದ್ದವನಾಗಿದ್ದರೆ ಅದನ್ನೇ ಮಾರಿ ಕಾಸು ಮಾಡಿಕೊಳ್ಳುತ್ತಿದ್ದ. ನಾನು ಅವನನ್ನು ಸಂಪೂರ್ಣ ದ್ವೇಷಿಸೋಕೆ ಆಗದೇ ಇರೋದು ಈ ಒಂದು ಕಾರಣಕ್ಕೆ.

ಕೊನೆಯ ದೃಶ್ಯ. ಮೂವರೂ ಆಗಲ್ಲ ಅಂದು ಎದ್ದು ಹೊರಡುತ್ತಾರೆ. ಹೊರಗಿನ ಕೋಣೆಯ ಫೋನ್ ಎತ್ತಿ ಜೊನಾಥನ್ ಹೇಳುತ್ತಿರುವ ಕಥೆ ಕದ್ದು ಕೇಳುತ್ತಾರೆ. ಒಂದು ರಿಸೀವರ್, ಮೂರು ತಲೆ. ನಿಮಗೆ ಇದು ಕ್ಷಮೆಯ ಹಾಗೆ ಕಂಡಿರಬೇಕು. ನನಗೆ ಅದು ಚಟದ ಹಾಗೆ ಕಾಣುತ್ತೆ. ಮತ್ತೊಮ್ಮೆ ನೋಡುವಾಗ ಲಾನಾ ಟರ್ನರ್‌ರ ಮೇಲಿನ ಕಣ್ಣು ತೆಗೆದು ಜೇಮ್ಸ್ ಲೀಯನ್ನು ನೋಡಿ. ಹೆಂಡತಿ ಸಾವಿಗೆ ಕಾರಣನಾದವನ ಕಥೆಗೆ ಅವನೂ ಬಾಗಿ ಕಿವಿ ಕೊಡುತ್ತಾನೆ. ಆ ಶಾಟ್ ನೋಡಿ ನನಗೆ ಜೊನಾಥನ್ ಮೇಲೆ ಸಿಟ್ಟು ಬರಲಿಲ್ಲ. ಸ್ವಲ್ಪ ಹೆದರಿಕೆ ಆಯಿತು, ಆ ಮೂವರ ಬಗ್ಗೆ.

ಮುಂದಿನ ಭಾಗದ ವಿಷಯ. ನೇರವಾದ ಮುಂದುವರಿಕೆ ಇಲ್ಲ. 1962ರ ‘ಟು ವೀಕ್ಸ್ ಇನ್ ಅನದರ್ ಟೌನ್’ ಬೇರೆ ಕಥೆ, ಆದರೆ ತಂಡ ಅದೇ. ಮಿನೆಲ್ಲಿ, ಹೌಸ್‌ಮನ್, ಶ್ನೀ, ರಾಕ್ಸಿನ್, ಕರ್ಕ್ ಡಗ್ಲಸ್ ಎಲ್ಲರೂ ಇದ್ದಾರೆ. ಜಾಗ ರೋಮ್‌ನ ಚಿನೆಚಿತ್ತಾ ಸ್ಟುಡಿಯೋ. ಡಗ್ಲಸ್ ಇಲ್ಲಿ ಮೂಲೆಗೆ ಬಿದ್ದ ನಟ. ಅವನ ಹಳೆಯ ಗೆಲುವು ಅಂತ ಒಂದು ಚಿತ್ರ ಹಾಕಿ ನೋಡುತ್ತಾರೆ. ಪರದೆ ಮೇಲೆ ಬರೋದು ನೀವು ಈಗ ನೋಡಿದ ಚಿತ್ರದ ತುಣುಕುಗಳೇ! ನೋಡಬಹುದು, ಆದರೆ ಇದರಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಅಲ್ಲಲ್ಲಿ ಕೊಂಡಿ ಕಳಚಿದ ಹಾಗೆ ಅನಿಸುತ್ತೆ. ಅದು ನಿಮ್ಮ ತಪ್ಪಲ್ಲ. ಶೂಟಿಂಗ್ ಮುಗಿದ ಮೇಲೆ ಎಂಜಿಎಂ ಚಿತ್ರವನ್ನು ಮಿನೆಲ್ಲಿ ಕೈಯಿಂದ ತೆಗೆದುಕೊಂಡು, ಅವರು ಬೇಡ ಅಂದರೂ ತನಗೆ ಬೇಕಾದ ಹಾಗೆ ಕತ್ತರಿಸಿ ಬಿಡುಗಡೆ ಮಾಡಿತು.